ಅಮ್ಮ ಹೇಳದ ನಾಲ್ಕು ತಿಂಗಳು

ಅಮ್ಮನಿಗೆ ಮುಟ್ಟು ನಿಂತು ಆರು ವರ್ಷ ಆಗಿತ್ತು. ಮತ್ತೆ ರಕ್ತ ಕಾಣಿಸಿಕೊಂಡಾಗ ಯಾರಿಗೂ ಹೇಳಲಿಲ್ಲ. ‘ಉಷ್ಣ ಆಗಿರ್ಬೇಕು ಅಂತ ಮೆಂತ್ಯ ನೆನೆಸಿ ಕುಡೀತಿದ್ದೆ ಕಣೇ’ ಅಂದಳು, ನಾಲ್ಕು ತಿಂಗಳಾದ ಮೇಲೆ. ಅದೂ ಬಟ್ಟೆ ನೆನೆಹಾಕುವಾಗ ನನ್ನ ಕಣ್ಣಿಗೆ ಬಿದ್ದಿದ್ದಕ್ಕೆ.

ಯಾಕೆ ಹೇಳಲಿಲ್ಲ ಅಂತ ರೇಗಿದೆ. ‘ಮಂಡಿನೋವು ಅಂದ್ರೂ ತೂಕ ಇಳಿಸಿ ಅಂತಾರೆ, ಕೆಮ್ಮು ಅಂದ್ರೂ ತೂಕ ಇಳಿಸಿ ಅಂತಾರೆ. ಇದನ್ನೂ ಹೇಳಿ ಬೈಸ್ಕೋಬೇಕಾ?’ ಅಂದಳು. ನಾನು ಸುಮ್ಮನಾದೆ. ಅಮ್ಮನ ತೂಕ 92 ಕೆಜಿ. ಬೈದವರ ಪಟ್ಟಿಯಲ್ಲಿ ನಾನೂ ಇದ್ದೆ.

ಸ್ಕ್ಯಾನ್‌ನಲ್ಲಿ ಗರ್ಭಕೋಶದ ಒಳಪದರ 14 ಮಿಲಿಮೀಟರ್ ಬಂತು. ಮುಟ್ಟು ನಿಂತವರಿಗೆ ರಕ್ತ ಹೋದಾಗ ಅದು 4 ದಾಟಿದ್ದರೇ ಬಯಾಪ್ಸಿ ಮಾಡ್ತಾರಂತೆ. ರಿಪೋರ್ಟ್: ಎಂಡೋಮೆಟ್ರಿಯಲ್ ಕ್ಯಾನ್ಸರ್. ಪುಣ್ಯಕ್ಕೆ ಮೊದಲನೇ ಹಂತ.

ಈ ಡಾಕ್ಟರಮ್ಮ ಬೈಯಲಿಲ್ಲ, ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ಕೊಬ್ಬು ಸುಮ್ಮನೆ ಕೂತ ಮೂಟೆ ಅಲ್ಲ. ಅದರೊಳಗಿನ ಅರೋಮಟೇಸ್ ಅನ್ನೋ ಕಿಣ್ವ ಆಂಡ್ರೋಜನ್ನನ್ನು ಈಸ್ಟ್ರೋಜನ್ ಮಾಡುತ್ತೆ. ಅಂಡಾಶಯ ರಿಟೈರ್ ಆದಮೇಲೂ ಈ ಕೆಲಸ ನಡೀತಾನೇ ಇರುತ್ತೆ. ಈಸ್ಟ್ರೋಜನ್ ಪದರವನ್ನು ಬೆಳೆಸುತ್ತೆ, ಸಾಕು ನಿಲ್ಲಿಸು ಅನ್ನೋಕೆ ಪ್ರೊಜೆಸ್ಟರಾನ್ ಇರಲ್ಲ. ಜೊತೆಗೆ ಹೆಚ್ಚಾದ ಇನ್ಸುಲಿನ್ನಿನ ಕುಮ್ಮಕ್ಕು ಬೇರೆ. ಬಿಎಂಐ 40 ದಾಟಿದರೆ ಅಪಾಯ ಸುಮಾರು ಏಳು ಪಟ್ಟು. ಸ್ತನದ ಕ್ಯಾನ್ಸರ್ ಬಗ್ಗೆ ಆಫೀಸಿನಲ್ಲಿ ವರ್ಷವರ್ಷ ಪಿಂಕ್ ರಿಬ್ಬನ್ ಕಟ್ಟಿಕೊಳ್ಳೋ ನನಗೆ ಇದರ ಗಂಧಗಾಳಿ ಇರಲಿಲ್ಲ.

ಆಪರೇಷನ್ನಿಗೆ ಮುಂಚೆ ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಕೇಳಿದ್ದು ಅರಿವಳಿಕೆ ಡಾಕ್ಟರು. ಶುಗರ್, ಬಿಪಿ, ಗೊರಕೆ. ತೂಕ ಅಲ್ಲೂ ಅಡ್ಡ ಬರುತ್ತೆ. ಈ ಕ್ಯಾನ್ಸರ್ ಬೇಗ ಸಿಕ್ಕಿ ಗುಣವಾದವರನ್ನೂ ಆಮೇಲೆ ಕಾಡೋದು ಹೃದಯದ ಕಾಯಿಲೆಯಂತೆ. ಗರ್ಭಕೋಶ, ಅಂಡಾಶಯ ತೆಗೆದರು. ಮೂರನೇ ದಿನ ಅಮ್ಮ ಆಸ್ಪತ್ರೆಯ ಕಾಫಿಯನ್ನು ಬೈಯೋಕೆ ಶುರುಮಾಡಿದಳು. ನಿರಾಳ ಆಯ್ತು.

ಡಿಸ್ಚಾರ್ಜ್ ದಿನ ಡಾಕ್ಟರಮ್ಮ ನನ್ನ ಕಡೆ ತಿರುಗಿದರು. ‘ನಿಮಗೆ ತಿಂಗಳು ತಿಂಗಳು ಸರಿಯಾಗಿ ಆಗುತ್ತಾ?’

ನನಗೆ 31. ಪಿಸಿಓಡಿ. ಮೂರು ತಿಂಗಳಿಗೊಮ್ಮೆ ಆದರೆ ದೊಡ್ಡದು. ಟ್ರೆಕ್ಕಿಂಗ್‌ಗೆ ಅನುಕೂಲ ಅಂತ ಖುಷಿಯಾಗೇ ಇದ್ದೆ. ಅಂಡಾಣು ಬಿಡುಗಡೆ ಆಗದ ತಿಂಗಳಲ್ಲಿ ಪ್ರೊಜೆಸ್ಟರಾನ್ ಬರಲ್ಲ, ನನ್ನೊಳಗೂ ಅದೇ ಪದರ ದಪ್ಪ ಆಗ್ತಿರಬಹುದು ಅಂತ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಮುಂದಿನ ವಾರ ಹೋಗಿಬಂದೆ. ಆಟೋ ಹತ್ತೋಷ್ಟರಲ್ಲಿ ಅಮ್ಮನ ಫೋನು.

‘ಏನಂದ್ರೇ? ತೂಕ ಇಳಿಸಿ ಅಂದ್ರಾ?’

‘ಅಂದ್ರಮ್ಮ. ಆದ್ರೆ ಮೊದ್ಲು ಸ್ಕ್ಯಾನ್ ಬರ್ಕೊಟ್ರು.’