ಯಾರಿಗೆ ಯಾರು ಹೊರೆ

ಬೆಂಗಳೂರು
ಭಾನುವಾರ

ಪ್ರೀತಿಯ ಪುಟ್ಟಿ,

ಕ್ಷೇಮ. ಮೈಕೈ ನೋವು ಬಿಟ್ಟರೆ ಬೇರೆ ದೂರಿಲ್ಲ. ನೀನು ಕಟ್ಟಿಕೊಟ್ಟ ಅಪ್ಪೆಮಿಡಿ ಜೋಶಿಮಠದ ತನಕ ಬಂತು, ಅಲ್ಲಿಂದ ಮುಂದೆ ಬರೀ ಡಬ್ಬಿ ಬಂತು. ಖಾಲಿ ಮಾಡಿದವರು ಯಾರು ಅಂತ ಆಮೇಲೆ ಹೇಳುತ್ತೇನೆ.

ಮೊನ್ನೆ ಫೋನಿನಲ್ಲಿ "ಟ್ರೆಕ್ಕಿಂಗ್ ಹೇಗಾಯ್ತು" ಅಂದೆ, ನಾನು "ಚೆನ್ನಾಗಾಯ್ತು" ಅನ್ನುವಷ್ಟರಲ್ಲಿ ಕೊಟ್ಟಿಗೆಯಲ್ಲಿ ಕರು ಕೂಗಿತು ಅಂತ ಇಟ್ಟುಬಿಟ್ಟೆ. ಹಿಮಾಲಯದ ಹೂವಿನ ಕಣಿವೆಗೆ ಹೋಗಿಬಂದದ್ದು ಅಷ್ಟಕ್ಕೆ ಮುಗಿಯುವ ವಿಷಯವಲ್ಲ. ದುಡ್ಡು ಕಟ್ಟಿ, ಶೂ ಕೊಂಡು, ಇನ್ನೇನು ಹೊರಡಬೇಕು ಅನ್ನುವಾಗ "ಈ ಮೊಣಕಾಲು ಇಟ್ಟುಕೊಂಡು ಬಂದರೆ ಅಷ್ಟೂ ಜನಕ್ಕೆ ಹೊರೆ ಆಗ್ತೇನೆ ಅಕ್ಕಾ, ನೀನು ಹೋಗಿ ಬಾ" ಅಂದೆಯಲ್ಲ, ಆ ಮಾತಿಗೆ ಉತ್ತರ ಕೊಡಬೇಕು ಅಂತಲೇ ಕೂತಿದ್ದೇನೆ. ನಡುವೆ ಎದ್ದು ಹೋಗದೆ ಓದು.

ಮೊಟ್ಟಮೊದಲು ಹೊರೆಯಾದವರು ಯಾರು ಗೊತ್ತಾ? ಬ್ಯಾಂಕಿನ ರಾಯರು. ವಾಟ್ಸಾಪ್ ಗುಂಪಿನಲ್ಲಿ ಏನೇನು ತರಬೇಕು ಅಂತ ಮಾರುದ್ದದ ಪಟ್ಟಿ ಹಾಕಿ, ದಿನಾ ಬೆಳಿಗ್ಗೆ ಒಬ್ಬೊಬ್ಬರನ್ನೇ ಕೇಳುತ್ತಿದ್ದರಲ್ಲ, ಅವರೇ. ಮಳೆಯಿಂದ ನಮ್ಮ ವಿಮಾನ ತಡವಾಗಿ, ದೆಹಲಿಯಲ್ಲಿ ಹರಿದ್ವಾರದ ರೈಲು ತಪ್ಪಿಹೋಯಿತು. ಅದು ಸಾಲದು ಅಂತ, ಬೆಲ್ಟಿನ ಮೇಲೆ ಎಲ್ಲರ ಬ್ಯಾಗೂ ಬಂತು, ರಾಯರದ್ದು ಮಾತ್ರ ಬರಲಿಲ್ಲ. ಬೆಲ್ಟು ನಿಂತ ಮೇಲೂ ಅದರ ರಬ್ಬರ್ ಪರದೆಯನ್ನೇ ನೋಡುತ್ತ ನಿಂತಿದ್ದರು ಪಾಪ. ಕೈಯಲ್ಲೊಂದು ಲ್ಯಾಪ್‌ಟಾಪ್ ಚೀಲ, ಕಾಲಲ್ಲಿ ಆಫೀಸಿನ ಕರಿ ಶೂ. ಆಮೇಲೆ ಅವರ ಸಂಸಾರ ನಡೆದದ್ದೆಲ್ಲ ದಾನದಲ್ಲಿ. ಒಬ್ಬರ ಪ್ಯಾಂಟು, ಇನ್ನೊಬ್ಬರ ಸ್ವೆಟರು, ನನ್ನ ಕೆಂಪು ಮಂಕಿಕ್ಯಾಪು. ಶೂ ಒಂದನ್ನು ಋಷಿಕೇಶದಲ್ಲಿ ಕೊಂಡರು. ಬ್ಯಾಗು ನಾವು ವಾಪಸ್ ಬರುವ ಮೊದಲೇ ಅವರ ಮನೆ ಸೇರಿ ಕೂತಿತ್ತು.

ರೈಲು ತಪ್ಪಿದ್ದಕ್ಕೆ ರಾತ್ರಿ ಬಸ್ಸು ಹಿಡಿದೆವು. ನಮಗಿನ್ನೂ ಆಷಾಢ, ಉತ್ತರದವರಿಗಾಗಲೇ ಶ್ರಾವಣ. ಅವರ ತಿಂಗಳು ಹುಣ್ಣಿಮೆಗೆ ಮುಗಿಯುತ್ತದಲ್ಲ, ಹಾಗಾಗಿ ನಮಗಿಂತ ಹದಿನೈದು ದಿನ ಮುಂದೆ. ಅದು ಕಾವಡಿ ಯಾತ್ರೆಯ ಕಾಲ. ಹರಿದ್ವಾರದ ಗಂಗೆಯನ್ನು ಹೊತ್ತು ಊರಿನ ಶಿವನಿಗೆ ಅಭಿಷೇಕ ಮಾಡಿಸಲು ಬರಿಗಾಲಲ್ಲಿ ನಡೆಯುವ ಜನ, ಎಲ್ಲಿ ನೋಡಿದರೂ ಕಾವಿ ಬಣ್ಣ. ಹೆದ್ದಾರಿಯನ್ನು ಅವರಿಗೆ ಬಿಟ್ಟು ನಮ್ಮ ಬಸ್ಸನ್ನು ಹಳ್ಳಿ ದಾರಿಗೆ ತಿರುಗಿಸಿದರು. ಕಬ್ಬಿನ ಗದ್ದೆಗಳ ನಡುವೆ ಅದು ಕೆಟ್ಟು ನಿಂತಿತು. ಫ್ಯಾನ್ ಬೆಲ್ಟ್ ಹರಿದಿತ್ತಂತೆ. ಬೆಳಗಿನ ಜಾವ, ಸೊಳ್ಳೆ, ಕೆಸರು. ಹತ್ತಿರದಲ್ಲೇ ಕಾವಡಿ ಹೊತ್ತವರಿಗೆಂದು ಹಾಕಿದ್ದ ಪೆಂಡಾಲಿನಲ್ಲಿ ನಮ್ಮನ್ನೂ ಕರೆದು ಕೂರಿಸಿ ಪೂರಿ, ಆಲೂಗಡ್ಡೆ ಪಲ್ಯ ಬಡಿಸಿದರು. ಎಲ್ಲಿಯವರು, ಎತ್ತ ಹೊರಟಿರಿ ಅಂತ ಉಂಡು ಮುಗಿಯುವ ತನಕ ಯಾರೂ ಕೇಳಲಿಲ್ಲ.

ಋಷಿಕೇಶದಿಂದ ಟೆಂಪೊ ಟ್ರಾವೆಲರ್. ಪಂಚಪ್ರಯಾಗಗಳೂ ಇದೇ ದಾರಿಯಲ್ಲಿ ಸಿಗುತ್ತವೆ. ದೇವಪ್ರಯಾಗದಲ್ಲಿ ಭಾಗೀರಥಿ ಮತ್ತು ಅಲಕನಂದಾ ಕೂಡಿ ಗಂಗೆಯಾಗುವುದನ್ನು ರಸ್ತೆಯ ಮೇಲಿಂದಲೇ ನೋಡಬಹುದು. ನೋಡಿದೆವು, ಆದರೆ ಎಲ್ಲರೂ ಅಲ್ಲ. ದೇವಿಮನೆ ಘಾಟಿಯ ತಿರುವಿಗೇ ನಿಂಬೆಹಣ್ಣು ಮೂಸುವ ನಮ್ಮಂಥವರಿಗೆ ದಿನವಿಡೀ ಅಂಥ ತಿರುವು ಅಂದರೆ ಹೇಗಿರಬೇಕು, ಹೇಳು. ಆದರೆ ಮಲಗಿದ್ದು ನಾನಲ್ಲ, ಡಾಕ್ಟರು! ಗುಂಪಿಗೆಲ್ಲ ಔಷಧಿಪೆಟ್ಟಿಗೆ ಹೊತ್ತು ತಂದವರು ಕಿಟಕಿಗೆ ತಲೆ ಕೊಟ್ಟು ಪ್ಲಾಸ್ಟಿಕ್ ಚೀಲ ಹಿಡಿದು ಕೂತವರು ಮೇಲೇಳಲಿಲ್ಲ. ಬಾಯಿಗೆ ಏನೂ ಸೇರದು. ನಿನ್ನ ಅಪ್ಪೆಮಿಡಿಯ ರಸ ನಾಲಿಗೆಗೆ ತಾಗಿದ ಮೇಲೆ ಎರಡು ತುತ್ತು ಅನ್ನ ಇಳಿಯಿತು. ಡಬ್ಬಿ ಖಾಲಿಯಾದದ್ದು ಹಾಗೆ. ನಿನ್ನ ಕೈಗೆ ನಮಸ್ಕಾರ ತಿಳಿಸಿದ್ದಾರೆ.

ಪೀಪಲ್‌ಕೋಟಿ ದಾಟಿ ಜೋಶಿಮಠ ಸಿಗುವ ಮೊದಲು ಪಾಗಲ್ ನಾಲಾ ಅಂತ ಒಂದು ಹಳ್ಳ ಇದೆ. ಪ್ರತಿ ಮಳೆಗಾಲವೂ ಅದು ಕೆಸರು, ಬಂಡೆ ಎಲ್ಲವನ್ನೂ ತಂದು ರಸ್ತೆಯ ಮೇಲೆ ಸುರಿಯುತ್ತದೆ. ನಾವು ಹೋಗುವಾಗಲೂ ಸುರಿದಿತ್ತು. ಎದುರು ಬದುರು ವಾಹನಗಳ ಸಾಲು. ಎರಡು ಜೆಸಿಬಿ ತಳ್ಳುತ್ತಲೇ ಇವೆ, ಮೇಲಿನಿಂದ ಬರುತ್ತಲೇ ಇದೆ. ಹಳ್ಳಿಯ ಹೆಂಗಸರು ಸೌತೆಕಾಯಿ ಸೀಳಿ, ಬೆಳ್ಳುಳ್ಳಿ, ಹಸಿಮೆಣಸು ಹಾಕಿ ಅರೆದ ಉಪ್ಪು ಸವರಿ ಮಾರುತ್ತಿದ್ದರು. ನೀನು ಬಂದಿದ್ದರೆ ಆ ಉಪ್ಪನ್ನು ಅರೆಯುವುದು ಹೇಗೆ ಅಂತ ಕೇಳಿಕೊಂಡು ಅಲ್ಲೇ ಕೂತುಬಿಡುತ್ತಿದ್ದೆ.

ನಮ್ಮ ಸಹ್ಯಾದ್ರಿಯ ಬಂಡೆಗಳ ಮುಂದೆ ಹಿಮಾಲಯ ಇನ್ನೂ ಎಳೆಯದು, ಈಗಲೂ ಏಳುತ್ತಲೇ ಇರುವ ಬೆಟ್ಟ. ಒಳಗೆಲ್ಲ ಬಿರುಕು. ಮಳೆ ಇಳಿದರೆ ಸಡಿಲ, ರಸ್ತೆ ಅಗಲಿಸಲು ಬುಡ ಕಡಿದರೆ ಮತ್ತೂ ಸಡಿಲ. ಜೋಶಿಮಠವೇ ಹಳೆಯ ಭೂಕುಸಿತದ ಮಣ್ಣಿನ ಮೇಲೆ ಕೂತ ಊರು, ಅಲ್ಲಿ ಭಾರಿ ಕಟ್ಟಡ ಬೇಡ ಅಂತ 1976ರಲ್ಲೇ ಮಿಶ್ರಾ ಸಮಿತಿ ಹೇಳಿತ್ತು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 2023ರ ಜನವರಿಯಲ್ಲಿ ನೂರಾರು ಮನೆಗಳು ಬಿರುಕು ಬಿಟ್ಟದ್ದನ್ನು ಟಿವಿಯಲ್ಲಿ ನೋಡಿದ್ದೆವಲ್ಲ. ನಾವು ಉಳಿದ ಲಾಡ್ಜಿನ ಗೋಡೆಯಲ್ಲೂ ಸಿಮೆಂಟು ಮೆತ್ತಿದ ಗೆರೆಯೊಂದು ಮೂಲೆಯಿಂದ ಮೂಲೆಗೆ ಓಡಿತ್ತು.

ಹಳ್ಳದ ವಿಷಯಕ್ಕೆ ಬರುತ್ತೇನೆ. ಗಾಡಿ ಇವತ್ತು ದಾಟುವುದಿಲ್ಲ, ನಡೆದು ದಾಟಿದರೆ ಆಚೆ ಬೇರೆ ಜೀಪು ಸಿಗುತ್ತದೆ ಅಂದ ನಮ್ಮ ಡ್ರೈವರು. ಬೆನ್ನಿಗೆ ಬ್ಯಾಗು ಏರಿಸಿ ಇಳಿದೆವು. ಒಬ್ಬ ಮೇಲಿನ ಗುಡ್ಡವನ್ನೇ ನೋಡುತ್ತ ನಿಂತಿರುತ್ತಾನೆ, ಬಾಯಲ್ಲಿ ಸೀಟಿ. ಅವನು ಕೈ ಬೀಸಿದರೆ ನಾಲ್ಕೈದು ಜನ ಹೊರಡಬೇಕು, ಸೀಟಿ ಊದಿದರೆ ಓಡಬೇಕು. ನಡುವೆ ಹೋಗುವಾಗ ಕೆಸರು ನನ್ನ ಕಾಲನ್ನು ಮೀನಖಂಡದ ತನಕ ನುಂಗಿತು. ಅದೇ ಹೊತ್ತಿಗೆ ಮೇಲೆಲ್ಲೋ ಸಣ್ಣ ಕಲ್ಲುಗಳು ಉರುಳಿದ ಸದ್ದು. ಪುಟ್ಟಿ, ಕಾಲು ಕೀಳಬೇಕು ಅಂತ ಗೊತ್ತು, ಆದರೆ ಕಾಲು ನನ್ನ ಮಾತು ಕೇಳಲೊಲ್ಲದು. ನಿಂತೇಬಿಟ್ಟೆ. ಹಿಂದಿನವರೂ ನಿಂತರು. ರಸ್ತೆ ಕೆಲಸದ ನೇಪಾಳಿ ಹುಡುಗನೊಬ್ಬ ಸಲಿಕೆ ಎಸೆದು ಬಂದ, ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಆಚೆ ದಡದಲ್ಲಿ ನಿಲ್ಲಿಸಿದ, ಒಂದು ಮಾತೂ ಆಡದೆ ಮುಂದಿನವರನ್ನು ಕರೆತರಲು ತಿರುಗಿ ಹೋದ. ನನ್ನ ಬ್ಯಾಗು ಯಾವಾಗ ನಮ್ಮ ಗುಂಪಿನ ಹುಬ್ಬಳ್ಳಿಯ ಅಕ್ಕೋರ ಹೆಗಲಿಗೆ ಹೋಯಿತು ಅಂತಲೂ ನನಗೆ ಗೊತ್ತಾಗಲಿಲ್ಲ.

ಅಂದು ರಾತ್ರಿ ಜೋಶಿಮಠದಲ್ಲಿ ನಿನ್ನನ್ನೂ ನಿನ್ನ ಮಾವನವರನ್ನೂ ಬಹಳ ನೆನೆಸಿಕೊಂಡೆ. ಅಲ್ಲಿಂದ ಮಲಾರಿ ಕಡೆಗೆ ಒಂದು ದಾರಿ ಒಡೆಯುತ್ತದೆ, ರೈಣಿ ಇರುವುದು ಆ ದಾರಿಯಲ್ಲಿ. 1974ರ ಮಾರ್ಚಿನಲ್ಲಿ ಗಂಡಸರು ಊರಲ್ಲಿಲ್ಲದ ಹೊತ್ತಿಗೆ ಮರ ಕಡಿಯಲು ಬಂದವರನ್ನು ಗೌರಾದೇವಿ ಊರಿನ ಹೆಂಗಸರ ಜೊತೆ ನಿಂತು ತಡೆದ ಜಾಗ. ಅಲ್ಲಿಯ ಚಿಪ್ಕೊ ಚಳವಳಿ ನಿಮ್ಮ ಸಾಲ್ಕಣಿಗೆ 1983ರಲ್ಲಿ ಅಪ್ಪಿಕೋ ಆಗಿ ಬಂದ ಕಥೆಯನ್ನು ನಿನ್ನ ಮಾವ ಜಗಲಿಯಲ್ಲಿ ಕೂತು ಎಷ್ಟು ಸಲ ಹೇಳಿಲ್ಲ! ರಸ್ತೆ ಬಂದ್ ಆಗಿ ರೈಣಿಗೆ ಹೋಗಲು ಆಗಲಿಲ್ಲ. ಆ ಕಡೆ ಮುಖ ಮಾಡಿ ಒಂದು ಫೋಟೊ ತೆಗೆದಿದ್ದೇನೆ, ಅವರಿಗೆ ತೋರಿಸು.

ಇನ್ನು ನಡಿಗೆಯ ಮಾತು. ಗೋವಿಂದಘಾಟಿನಿಂದ ಪುಲ್ನಾ ತನಕ ಜೀಪು, ಅಲ್ಲಿಂದ ಘಾಂಘರಿಯಾಕ್ಕೆ ಸುಮಾರು 10 ಕಿಲೋಮೀಟರ್ ಏರು. ಹೇಮಕುಂಡ ಸಾಹಿಬ್‌ಗೆ ಹೋಗುವ ಸಿಖ್ಖರ ದಾರಿಯೂ ಅದೇ. ಹೇಸರಗತ್ತೆಗಳು, ಅವುಗಳ ಗಂಟೆ, ಅವುಗಳ ಲದ್ದಿ, ನಡುನಡುವೆ ಚಹಾದಂಗಡಿ. ಆಗದವರನ್ನು ಬುಟ್ಟಿಯಲ್ಲಿ ಕೂರಿಸಿ ಬೆನ್ನ ಮೇಲೆ ಹೊತ್ತು ಏರುವ ನೇಪಾಳಿಗಳೂ ಇದ್ದಾರೆ.

ನಮ್ಮ ಮ್ಯಾರಥಾನ್ ಹುಡುಗ ಎಲ್ಲರಿಗಿಂತ ಮೊದಲು ಮೇಲೆ ಮುಟ್ಟಿ ಸ್ಟೇಟಸ್ ಹಾಕಿಕೊಂಡ. ಅಕ್ಕೋರು ಎಲ್ಲರಿಗಿಂತ ಕೊನೆ. ಅರವತ್ತರ ಮೇಲಿನ ವಯಸ್ಸು, ಎರಡೂ ಮೊಣಕಾಲಿಗೆ ಪಟ್ಟಿ, ಕೈಯಲ್ಲಿ ಬಿದಿರು ಕೋಲು. ಯಾರಾದರೂ ಕಾಯುತ್ತ ನಿಂತರೆ "ನಡೀರಿ ನೀವು ಮುಂದ, ಗುಡ್ಡ ಎಲ್ಲಿ ಓಡಿ ಹೋಗ್ತದ?" ಅನ್ನುವರು. ಮುಸ್ಸಂಜೆಗೆ ಅವರು ಘಾಂಘರಿಯಾ ಮುಟ್ಟಿದಾಗ ಮ್ಯಾರಥಾನ್ ಹುಡುಗ ತಲೆ ಸಿಡಿಯುತ್ತಿದೆ ಅಂತ ಕಂಬಳಿ ಹೊದ್ದು ವಾಂತಿ ಮಾಡುತ್ತಿದ್ದ. ಊರು ಸುಮಾರು 10,000 ಅಡಿ ಎತ್ತರದಲ್ಲಿದೆ. ಅಲ್ಲಿ ಗಾಳಿ ತೆಳು. ಮೈ ಅದಕ್ಕೆ ಒಗ್ಗಲು ಸಮಯ ಕೇಳುತ್ತದೆ, ಎದೆ ಗಟ್ಟಿ ಇದ್ದವರಿಗೂ ರಿಯಾಯಿತಿ ಇಲ್ಲ. ಡಾಕ್ಟರು, ಈಗ ಚೇತರಿಸಿಕೊಂಡಿದ್ದರಲ್ಲ, ಅವನಿಗೆ ಔಷಧಿ ಕೊಟ್ಟರು. ಜಾಸ್ತಿಯಾದರೆ ರಾತ್ರಿಯೇ ಕೆಳಗಿಳಿಸುವುದು ಅಂತ ಗೈಡ್ ತೀರ್ಮಾನಿಸಿದ. ಅಕ್ಕೋರು ಶೂ ಕೂಡ ಬಿಚ್ಚದೆ ಅವನ ಪಕ್ಕ ಕೂತು ಗುಟುಕು ಗುಟುಕಾಗಿ ಬಿಸಿನೀರು ಕುಡಿಸಿದರು. ಮಾರನೇ ದಿನ ಎದ್ದು ಕೂತ. ಆಮೇಲೆ ಅವನು ಅಕ್ಕೋರ ಹಿಂದೆ ನಡೆದನೇ ಹೊರತು ಮುಂದೆ ಹೋಗಲಿಲ್ಲ.

ಹೂವಿನ ಕಣಿವೆಯನ್ನು ಪತ್ರದಲ್ಲಿ ಬಣ್ಣಿಸಿ ನಿನ್ನನ್ನು ಸಮಾಧಾನ ಮಾಡುವ ಉದ್ದೇಶ ನನಗಿಲ್ಲ. ಬಂದು ನೋಡು. ಇಷ್ಟು ಹೇಳುತ್ತೇನೆ. ಅಲ್ಲಿಗೆ ಹೇಸರಗತ್ತೆ ಬಿಡುವುದಿಲ್ಲ, ರಾತ್ರಿ ಉಳಿಯಲು ಬಿಡುವುದಿಲ್ಲ. ಪುಷ್ಪಾವತಿ ನದಿಯ ಸೇತುವೆ ದಾಟಿ, ಭೂರ್ಜಪತ್ರದ ಮರಗಳ ನಡುವೆ ಕಡಿದಾಗಿ ಏರಿದ ಮೇಲೆ ಕಣಿವೆ ತೆರೆದುಕೊಳ್ಳುತ್ತದೆ. ಎಲ್ಲಕ್ಕಿಂತ ಹೆಚ್ಚು ಕಂಡದ್ದು ನಿನ್ನ ತೋಟದಂಚಿನ ಕರ್ಣಕುಂಡಲದ ಬಳಗದ್ದೇ ಹೂವು, ಆಳೆತ್ತರ ಬೆಳೆದು ನಿಂತಿತ್ತು. ನೀಲಿ ಗಸಗಸೆ ಹೂವನ್ನು ಗೈಡ್ ಹುಡುಕಿ ತೋರಿಸಿದ, ಬಂಡೆಯ ಮರೆಯಲ್ಲಿ ಒಂದೇ ಒಂದು, ಮಳೆಗೆ ದಳ ಮುದುಡಿಕೊಂಡು. ಉಂಬಳ ಹುಡುಕಿದೆ, ಒಂದೂ ಕಾಣಲಿಲ್ಲ. ನಿನ್ನ ದೊಡ್ಡ ಹೆದರಿಕೆ ಹೋಯಿತು ನೋಡು.

ಈ ಕಣಿವೆಯನ್ನು ಹೊರಗಿನವರಿಗೆ ಪರಿಚಯಿಸಿದ್ದು ಫ್ರಾಂಕ್ ಸ್ಮೈತ್. 1931ರಲ್ಲಿ ಕಾಮೆತ್ ಶಿಖರ ಹತ್ತಿ ಇಳಿಯುವಾಗ ಅವನ ತಂಡ ಈ ಕಣಿವೆಗೆ ಬಂದು ಸೇರಿತು. ಅವನ ಪುಸ್ತಕ ಬಂದದ್ದು 1938ರಲ್ಲಿ. ಮರುವರ್ಷವೇ ಜೋನ್ ಮಾರ್ಗರೆಟ್ ಲೆಗ್ ಎಂಬ ಇಂಗ್ಲಿಷ್ ಹೆಂಗಸು ಹೂ ಸಂಗ್ರಹಿಸಲು ಬಂದಳು. ಆಗ ಅವಳಿಗೆ ಐವತ್ತು ದಾಟಿತ್ತು, ನಮ್ಮ ವಯಸ್ಸೇ ಅನ್ನು. ಬಂಡೆಯ ಮೇಲಿಂದ ಜಾರಿ ಬಿದ್ದು ಅಲ್ಲೇ ತೀರಿಕೊಂಡಳು. ಕಣಿವೆಯೊಳಗೇ ಅವಳ ಸಮಾಧಿ ಇದೆ. ಆಮೇಲೆ ಅವಳ ಅಕ್ಕತಂಗಿಯರಲ್ಲೊಬ್ಬಳು ಅಷ್ಟು ದೂರದಿಂದ ಬಂದು ಅಲ್ಲಿ ಕಲ್ಲು ನೆಡಿಸಿದಳಂತೆ. ಅದನ್ನು ಓದಿ ನಾನು ಅಕ್ಕೋರಿಗೆ "ನಾನು ಬಿದ್ದರೆ ನನ್ನ ತಂಗಿ ಬಂದೇ ಬರ್ತಾಳೆ, ನಡೆಯುವುದಕ್ಕೆ ಮಾತ್ರ ಬರೋದಿಲ್ಲ" ಅಂದೆ. ಅವರು ನಕ್ಕದ್ದಕ್ಕೆ ಎದುರಿನ ಬಂಡೆಯ ಮೇಲಿದ್ದ ಹಕ್ಕಿ ಹಾರಿಹೋಯಿತು.

ಹೇಮಕುಂಡ ಮಾತ್ರ ಆಗಲಿಲ್ಲ. 4,000 ಮೀಟರ್‌ಗೂ ಮೇಲಿನ ಸರೋವರ, ಘಾಂಘರಿಯಾದಿಂದ ನೆಟ್ಟಗೆ ಏರು. ಬ್ರಹ್ಮಕಮಲ ಕಾಣಬೇಕಾದ್ದು ಆ ದಾರಿಯಲ್ಲೇ. ಅರ್ಧ ಏರಿದ್ದೆವು, ಮಳೆ ಅಡ್ಡಡ್ಡ ಹೊಡೆಯತೊಡಗಿತು, ಮುಂದಿನವರು ಕಾಣದಷ್ಟು ಮಂಜು. ಗೈಡ್ ನಿಂತು "ಇಲ್ಲಿಂದ ವಾಪಸ್" ಅಂದ. ಇಷ್ಟು ದೂರ ಬಂದು ಹೀಗಾದರೆ ಹೇಗೆ ಅಂತ ರಾಯರು ವಾದಕ್ಕಿಳಿದರು. ನನಗೆ ನಿನ್ನ ಯಜಮಾನರು ನೆನಪಾದರು. 2024ರ ಜೂನಿನಲ್ಲಿ ಇದೇ ಉತ್ತರಾಖಂಡದ ಸಹಸ್ರತಾಲ್ ಚಾರಣದಲ್ಲಿ ನಮ್ಮ ಕರ್ನಾಟಕದ ಒಂಬತ್ತು ಮಂದಿ ಹಿಮಗಾಳಿಗೆ ಸಿಕ್ಕಿ ತೀರಿಕೊಂಡ ಸುದ್ದಿಯನ್ನು ಮುಂದಿಟ್ಟು ಅವರು ಬೇಡ ಅಂದಿದ್ದರಲ್ಲ, ಆ ಹೆದರಿಕೆ ಸುಳ್ಳಲ್ಲ. ಅಲ್ಲಿ ಹವೆ ಎಷ್ಟು ಹೊತ್ತಿಗೆ ತಿರುಗುತ್ತದೆ ಅಂತ ಹೇಳಲು ಬರುವುದಿಲ್ಲ. ವಾಪಸ್ ಅನ್ನುವ ಧೈರ್ಯವಿರುವ ಗೈಡ್, ಅವನ ಮಾತು ಕೇಳುವ ಗುಂಪು, ಇವೆರಡನ್ನು ನೋಡಿಯೇ ಹೋಗಬೇಕು ಅಂತ ಅವರಿಗೆ ಹೇಳು. ರಾಯರ ಬಾಯಿ ಮುಚ್ಚಿಸಿದ್ದು ಮತ್ತೆ ಅಕ್ಕೋರೇ. ಅದೇ ಮಾತು, ಗುಡ್ಡ ಎಲ್ಲಿ ಓಡಿ ಹೋಗ್ತದ.

ಈಗ ಲೆಕ್ಕ ಹಾಕು. ಬಟ್ಟೆ ಇಲ್ಲದ ರಾಯರು, ಘಾಟಿಗೆ ಸೋತ ಡಾಕ್ಟರು, ಕೆಸರಲ್ಲಿ ಕಂಬವಾಗಿ ನಿಂತ ನಾನು, ಎತ್ತರಕ್ಕೆ ಬಿದ್ದ ಮ್ಯಾರಥಾನ್ ಹುಡುಗ. ನಾವೆಲ್ಲ ಯಾರ ಮೇಲೋ ಭಾರ ಹಾಕಿದವರೇ. ಹೊರೆ ಆಗ್ತಾರೆ ಅಂತ ಹೊರಡುವ ಮೊದಲು ಎಲ್ಲರೂ ಒಳಗೊಳಗೇ ಅಂದುಕೊಂಡದ್ದು ಅಕ್ಕೋರನ್ನು, ನಮ್ಮನ್ನೆಲ್ಲ ಹೊತ್ತದ್ದು ಅವರು. ಅವರ ಭಾರವೂ ಒಂದು ದಿನ ಯಾರ ಮೇಲಾದರೂ ಬೀಳುತ್ತದೆ, ಆಗ ಹಿಡಿಯುವ ಕೈ ಬೇಕು. ನೀನು ಮನೆಯಲ್ಲೇ ಉಳಿದದ್ದರಿಂದ ನಮ್ಮ ಭಾರ ಇಳಿಯಲಿಲ್ಲ ಪುಟ್ಟಿ, ಒಂದು ಕೈ ಕಡಿಮೆಯಾಯಿತು.

ಮುಂದಿನ ಮಳೆಗಾಲಕ್ಕೆ ಹೇಮಕುಂಡ ಅಂತ ನಿರ್ಧಾರವಾಗಿದೆ. ನಿನ್ನ ಹೆಸರು ಕೊಟ್ಟಿದ್ದೇನೆ, ಮುಂಗಡವನ್ನೂ ಕಟ್ಟಿದ್ದೇನೆ. ಡಾಕ್ಟರಿಗೆ ಮೊಣಕಾಲು ತೋರಿಸಿ ಕೇಳು, ಅವರು ಒಪ್ಪಿದರೆ ದಿನಾ ಸಂಜೆ ಸೊಪ್ಪಿನ ಬೆಟ್ಟ ಹತ್ತಿ ಇಳಿ, ಮೊದಲು ಬರಿಗೈಯಲ್ಲಿ, ಆಮೇಲೆ ಚೀಲ ಹೊತ್ತು. ಕೊಟ್ಟಿಗೆ ಕೆಲಸಕ್ಕೆ ಒಂದು ವಾರದ ಮಟ್ಟಿಗೆ ಯಾರನ್ನಾದರೂ ಗೊತ್ತುಮಾಡಿಕೋ. ಇಷ್ಟಾಗಿಯೂ ಬರುವುದಿಲ್ಲ ಅನ್ನುವುದಾದರೆ ನನಗೆ ಹೇಳಬೇಡ, ಹುಬ್ಬಳ್ಳಿಯ ಅಕ್ಕೋರ ನಂಬರ್ ಕಳಿಸುತ್ತೇನೆ, ಅವರಿಗೇ ಹೇಳು. ಅವರ ಹತ್ತಿರ ಆಗೋದಿಲ್ಲ ಅಂದು ಗೆದ್ದವರನ್ನು ನಾನಿನ್ನೂ ಕಂಡಿಲ್ಲ.

ಮನೆಯಲ್ಲಿ ಎಲ್ಲರಿಗೂ ನನ್ನ ನೆನಪು ಹೇಳು.

ನಿನ್ನ
ಅಕ್ಕ