ಚೆಂಡು ಎತ್ತಿಕೊಟ್ಟವನ ಹೆಸರು

ಎರಡು ವರ್ಷದ ಹಿಂದಿನ ಮಾತು. ತಾಲ್ಲೂಕು ಮಟ್ಟದ ಹೈಸ್ಕೂಲು ಫುಟ್‌ಬಾಲ್ ಪಂದ್ಯ ನೋಡಿಕೊಂಡು, ವಾಪಸ್ ಬರುವಾಗ ಬಸ್‌ನಲ್ಲೇ ಕೂತು ಮೊಬೈಲ್‌ನಲ್ಲಿ ಸುದ್ದಿ ಟೈಪ್ ಮಾಡಿ ಕಳಿಸಿದ್ದೆವು. ಮೂರೇ ಸಾಲು. ಯಾವ ತಂಡ ಗೆದ್ದಿತು, ಎಷ್ಟಕ್ಕೆ ಎಷ್ಟು, ಗೋಲು ಹೊಡೆದವರು ಯಾರು. ಮಾರನೇ ದಿನ ಪೇಪರ್‌ನಲ್ಲಿ ಬಂತು. ನಮ್ಮ ಲೆಕ್ಕದಲ್ಲಿ ಕೆಲಸ ಮುಗಿದಿತ್ತು.

ಎರಡು ದಿನ ಬಿಟ್ಟು ಚಂದಕವಾಡಿಯ ಟೀ ಅಂಗಡಿ ಮುಂದೆ ಒಬ್ಬರು ತಡೆದು ನಿಲ್ಲಿಸಿದರು. ಹೆಗಲ ಮೇಲೆ ಟವಲು, ಅಂಗಿ ತುಂಬ ಬಾಳೆ ಕರೆ. ಗೊನೆ ಲೋಡ್ ಮಾಡಿ ಬಂದಿದ್ದರು ಅಂತ ಕಾಣುತ್ತದೆ.

"ಪೇಪರ್ನೋರು ನೀವೇ ಅಲ್ವಾ? ನಮ್ ಹೈದ್ನೂ ಆಡ್ದ ಕನಪ್ಪ ಅವತ್ತು. ಗೆದ್ದು ಬಂದೋ ಅಂದ. ಪೇಪರ್ನಲ್ಲಿ ಹೆಸ್ರೇ ಇಲ್ವಲ್ಲ, ಸುಳ್ಳೇಳಿದ್ನಾ ಅಂವ?"

ಸುಳ್ಳು ಹೇಳಿರಲಿಲ್ಲ. ಬಲಗಡೆ ಗೆರೆ ಪಕ್ಕ ಆಡುತ್ತಿದ್ದ ಸಣಕಲು ಹುಡುಗ. ಆ ತಂಡ ಹೊಡೆದ ಎರಡು ಗೋಲಿಗೂ ಚೆಂಡು ಬಂದದ್ದು ಅವನ ಕಾಲಿಂದಲೇ. ಅದನ್ನು ನಾವು ಕಣ್ಣಾರೆ ನೋಡಿದ್ದೆವು. ಬರೆದಿರಲಿಲ್ಲ, ಅಷ್ಟೇ.

"ಆಡಿದ್ದ ಯಜಮಾನ್ರೆ, ಚೆನ್ನಾಗೇ ಆಡಿದ್ದ. ಆದ್ರೆ ಗೋಲು ಹೊಡೆದವನು ಬೇರೆ ಹುಡುಗ" ಅಂದೆವು.

"ಹಂಗಾರೆ ನಮ್ಮಂವ ಏನ್ ಮಾಡ್ದ?"

ಟೀ ಆರುವ ತನಕ ವಿವರಿಸಿದೆವು. ಅವರಿಗೆ ಎಷ್ಟು ಅರ್ಥ ಆಯಿತೋ ಕಾಣೆ. ಅವತ್ತು ಹೇಳೋಕೆ ಬಾರದ್ದನ್ನು ಇವತ್ತು ಇಲ್ಲಿ ಹೇಳಿ ನೋಡುತ್ತೇವೆ.

ನಮ್ಮ ಕಡೆ ಫುಟ್‌ಬಾಲ್ ಕಡಿಮೆ. ಚಾಮರಾಜನಗರ, ಗುಂಡ್ಲುಪೇಟೆ ಸುತ್ತ ಯಾವ ಊರಿಗೆ ಹೋದರೂ ಕ್ರಿಕೆಟ್, ಕಬಡ್ಡಿ, ಸಂಜೆಯಾದರೆ ವಾಲಿಬಾಲ್. ಆದ್ದರಿಂದ ವಾಲಿಬಾಲ್‌ನಿಂದಲೇ ಶುರು ಮಾಡೋಣ. ನೆಟ್ ಪಕ್ಕ ನಿಂತು ಚೆಂಡನ್ನು ಮೇಲಕ್ಕೆ ಎತ್ತಿಕೊಡುವವನು ಒಬ್ಬ ಇರುತ್ತಾನಲ್ಲ? ಹಾರಿ ಸ್ಮ್ಯಾಶ್ ಹೊಡೆದವನಿಗೆ ಶಿಳ್ಳೆ ಬೀಳುತ್ತದೆ. ಎತ್ತಿಕೊಟ್ಟವನು ಸುಮ್ಮನೆ ತನ್ನ ಜಾಗಕ್ಕೆ ವಾಪಸ್ ಹೋಗುತ್ತಾನೆ. ಅವನ ಕೈ ಒಂದು ಗೇಣು ಆಚೀಚೆ ಆಗಿದ್ದರೆ ಆ ಸ್ಮ್ಯಾಶೇ ಇಲ್ಲ. ಫುಟ್‌ಬಾಲ್‌ನಲ್ಲಿ ಆ ಕೆಲಸಕ್ಕೆ ಕ್ರಾಸ್ ಅನ್ನುತ್ತಾರೆ. ಒಂದೇ ವ್ಯತ್ಯಾಸ: ಇಲ್ಲಿ ಅದನ್ನು ಕಾಲಲ್ಲಿ ಮಾಡಬೇಕು, ಓಡುತ್ತ ಮಾಡಬೇಕು, ಮೂವತ್ತು ಮೀಟರ್ ದೂರದಿಂದ ಮಾಡಬೇಕು.

ದೊಡ್ಡ ಪಂದ್ಯಗಳ ಅಂಗಳ ಸಾಮಾನ್ಯವಾಗಿ 68 ಮೀಟರ್ ಅಗಲ. ಗೋಲು ಕಂಬಗಳ ನಡುವೆ ಇರುವುದು 7.32 ಮೀಟರ್. ಎದುರಾಳಿಗಳು ಆ ಕಂಬಗಳ ಮುಂದೆ ಗುಂಪು ಕಟ್ಟಿ ನಿಂತರೆ ನಡುವೆ ನುಗ್ಗೋಕೆ ಆಗಲ್ಲ. ಆದರೆ ಎರಡೂ ಅಂಚಿನಲ್ಲಿ ಜಾಗ ಖಾಲಿ ಇರುತ್ತದೆ. ಆ ಅಂಚಿನಲ್ಲಿ ಓಡಿ, ಅಲ್ಲಿಂದ ಚೆಂಡನ್ನು ಗೋಲಿನ ಮುಂದಕ್ಕೆ ಅಡ್ಡಲಾಗಿ ಕಳಿಸುವುದೇ ಕ್ರಾಸ್. ಅದು ಬಂದಾಗ ಕಾಯುವವನ ಪಾಡು ಕೇಳಬೇಡಿ. ಚೆಂಡು ಬರುವುದು ಪಕ್ಕದಿಂದ, ಹೊಡೆಯುವವನು ನುಗ್ಗುವುದು ಬೆನ್ನ ಹಿಂದಿನಿಂದ. ಚೆಂಡು ನೋಡಿದರೆ ಆಳು ಕಾಣಲ್ಲ, ಆಳು ನೋಡಿದರೆ ಚೆಂಡು ಕಾಣಲ್ಲ. ಬಲಗಡೆಯಿಂದ ಬಸ್ಸು, ಹಿಂದಿನಿಂದ ಬೈಕು ಬರುವಾಗ ರಸ್ತೆ ನಡುವೆ ಸಿಕ್ಕಿಕೊಂಡವರಿಗೆ ಇದು ಗೊತ್ತು.

ಇನ್ನು ಹೊಡೆಯುವ ಕಷ್ಟ. ಹುಡುಗ ಓಡುತ್ತಿರುವುದು ನೇರ, ಮೂಲೆಯ ಬಾವುಟದ ಕಡೆಗೆ. ಚೆಂಡು ಹೋಗಬೇಕಾದದ್ದು ಎಡಕ್ಕೆ. ಗಾಡಿ ಓಡುತ್ತಿರುವಾಗಲೇ ಕಾಯಿ ಎಸೆದು ಪಕ್ಕದ ಹೊಲದಲ್ಲಿರುವ ಬುಟ್ಟಿಗೆ ಬೀಳಿಸಿದ ಹಾಗೆ. ನಿಂತ ಕಾಲು ಚೆಂಡಿನ ಪಕ್ಕಕ್ಕೆ ಬರಬೇಕು, ಸೊಂಟ ತಿರುಗಬೇಕು, ಹೆಬ್ಬೆರಳ ಹಿಂದಿನ ಮೂಳೆ ಚೆಂಡಿನ ಹೊರಮೈಗೆ ಕೆಳಗಿನಿಂದ ತಗುಲಬೇಕು. ಬಲಗಡೆಯಿಂದ ಬಲಗಾಲಲ್ಲಿ ಹಾಗೆ ಹೊಡೆದರೆ ಚೆಂಡು ಬಾಗುತ್ತ ಗೋಲಿ ಕೈಯಿಂದ ದೂರ ಸರಿಯುತ್ತದೆ, ನುಗ್ಗಿ ಬರುವ ನಮ್ಮವನ ತಲೆಗೆ ಹತ್ತಿರವಾಗುತ್ತದೆ. ಗೋಲಿನ ಮುಂದಿನ ಚಿಕ್ಕ ಚೌಕ 5.5 ಮೀಟರ್ ಉದ್ದ. ಅದರ ಗೆರೆ ಆಸುಪಾಸಿನಲ್ಲಿ ಬಿದ್ದರೆ ಗೋಲಿಗೆ ಮುಂದೆ ಬರಬೇಕೋ ನಿಲ್ಲಬೇಕೋ ತಿಳಿಯದು. ಅದಕ್ಕಿಂತ ದೊಡ್ಡ ಕಷ್ಟ ಏನೆಂದರೆ, ಹೊಡೆಯುವ ಹೊತ್ತಿಗೆ ಆ ಜಾಗದಲ್ಲಿ ಯಾರೂ ಇರುವುದಿಲ್ಲ. ಒಬ್ಬ ಬರುತ್ತಾನೆ ಅಂತ ನಂಬಿ ಹೊಡೆಯಬೇಕು.

ಎಲ್ಲ ಕ್ರಾಸೂ ಎತ್ತರಕ್ಕೇ ಹೋಗಬೇಕೆಂದಿಲ್ಲ. ಗೋಲು ಗೆರೆ ತನಕ ಓಡಿ, ನೆಲಕ್ಕೆ ಹತ್ತಿದ ಹಾಗೆ ಹಿಂದಕ್ಕೆ ಎಳೆದು ಕೊಡುವುದೂ ಉಂಟು. ಚೆಂಡು ಮುಂದೆ, ಹೊಡೆಯುವವನು ಅದಕ್ಕಿಂತ ಹಿಂದೆ ಇರುವುದರಿಂದ ಅಲ್ಲಿ ಆಫ್‌ಸೈಡ್ ತಕರಾರೇ ಬರುವುದಿಲ್ಲ.

ನಮಗೆ ಇದರ ರುಚಿ ಹತ್ತಿದ್ದು 2018ರ ಮಾರ್ಚ್ 17ರಂದು. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಐಎಸ್‌ಎಲ್ ಫೈನಲ್, ಬೆಂಗಳೂರು ಎಫ್‌ಸಿ ಮತ್ತು ಚೆನ್ನೈಯಿನ್. ನಾವು ಚಾಮರಾಜನಗರದ ಗೆಳೆಯನ ರೂಮಿನಲ್ಲಿ ಟಿವಿ ಮುಂದೆ ಕೂತಿದ್ದೆವು. 9ನೇ ನಿಮಿಷ. ಮಣಿಪುರದ ಉದಾಂತ ಸಿಂಗ್ ಬಲ ಅಂಚಿನಲ್ಲಿ ಬಾಣದ ಹಾಗೆ ಓಡಿ ಚೆಂಡು ಕಳಿಸಿದ. ಸುನಿಲ್ ಚೆಟ್ರಿ ನೆಲಕ್ಕೆ ಹಾರಿ ತಲೆ ಕೊಟ್ಟ. ಗೋಲು. ರೂಮಿನವರೆಲ್ಲ ಚೆಟ್ರಿ ಚೆಟ್ರಿ ಅಂತ ಕೂಗಿದೆವು, ನಾವೂ ಸೇರಿ. ಆಮೇಲೆ ಚೆನ್ನೈಯಿನ್‌ನ ಗ್ರೆಗರಿ ನೆಲ್ಸನ್ ಎರಡು ಕಾರ್ನರ್ ಹೊಡೆದ. ಎರಡಕ್ಕೂ ಮೈಲ್ಸನ್ ಆಲ್ವೆಸ್ ತಲೆ ಕೊಟ್ಟ. 3-2ಕ್ಕೆ ಸೋತೆವು. ಗೆಳೆಯ ಆಲ್ವೆಸ್‌ನನ್ನು ಬೈಯ್ಯುತ್ತ ಮಲಗಿದ. ನೆಲ್ಸನ್‌ನನ್ನು ಯಾರೂ ಬೈಯ್ಯಲಿಲ್ಲ. ಬೈಸಿಕೊಳ್ಳುವ ಭಾಗ್ಯವೂ ಇಲ್ಲ ನೋಡಿ ಈ ಕೆಲಸಕ್ಕೆ!

ಸರಿಯಾಗಿ ಒಂದು ವರ್ಷಕ್ಕೆ, 2019ರ ಮಾರ್ಚ್ 17ಕ್ಕೆ, ಮುಂಬೈನಲ್ಲಿ ಮತ್ತೆ ಫೈನಲ್. ಎದುರಾಳಿ ಗೋವಾ. 90 ನಿಮಿಷ ಮುಗಿದರೂ ಗೋಲಿಲ್ಲ. ಹೆಚ್ಚುವರಿ ಆಟದಲ್ಲಿ, 117ನೇ ನಿಮಿಷಕ್ಕೆ, ಸ್ಪೇನಿನ ಡಿಮಾಸ್ ಡೆಲ್ಗಾಡೊ ಕಾರ್ನರ್ ಹೊಡೆದ. ರಾಹುಲ್ ಭೆಕೆ ತಲೆಯಿಂದ ಚೆಂಡು ಒಳಗೆ. ಕಾರ್ನರ್‌ನಲ್ಲಿ ಕಳೆದುಕೊಂಡ ಕಪ್ಪು ಕಾರ್ನರ್‌ನಲ್ಲೇ ಬಂತು. ಈ ಸಲ ನಾವು ಡೆಲ್ಗಾಡೊ ಅಂತ ಕೂಗಿದೆವು. ಗೆಳೆಯ ಮುಖ ನೋಡಿದ.

ಆಗಿನಿಂದ ಹಳೆಯ ಆಟಗಳನ್ನು ಮೊಬೈಲ್‌ನಲ್ಲಿ ಹುಡುಕಿ ನೋಡುವ ಚಟ ಹತ್ತಿತು. 1958ರ ವಿಶ್ವಕಪ್ ಫೈನಲ್ ಅಂದರೆ ಎಲ್ಲರೂ ಹೇಳುವುದು 17 ವರ್ಷದ ಪೆಲೆ. ಆದರೆ ಅವತ್ತು ಮೊದಲು ಗೋಲು ಬಿಟ್ಟುಕೊಟ್ಟು ಹಿಂದೆ ಬಿದ್ದದ್ದು ಬ್ರೆಜಿಲ್. ಬಲ ಅಂಚಿನಲ್ಲಿದ್ದ ಗರಿಂಚ ಎರಡು ಸಲ ಎದುರಾಳಿಯನ್ನು ದಾಟಿ ಗೋಲು ಗೆರೆ ಹತ್ತಿರದಿಂದ ಚೆಂಡನ್ನು ಒಳಕ್ಕೆ ಕೊಟ್ಟ, ಎರಡು ಸಲವೂ ವಾವಾ ಹೊಡೆದ. ಆಮೇಲೆ ತಾನೆ 5-2. ಗರಿಂಚನ ಎರಡೂ ಕಾಲು ಹುಟ್ಟಿನಿಂದ ಸೊಟ್ಟ. ನಮ್ಮೂರಲ್ಲಿ ಹುಟ್ಟಿದ್ದರೆ ಆಟಕ್ಕೆ ಸೇರಿಸುತ್ತಿದ್ದೆವೋ ಇಲ್ಲವೋ.

ಇಂಗ್ಲೆಂಡಿನ ಡೇವಿಡ್ ಬೆಕಮ್ ಇದಕ್ಕೆ ತದ್ವಿರುದ್ಧ. ಅವನು ಯಾರನ್ನೂ ದಾಟುವ ಗೋಜಿಗೆ ಹೋಗುತ್ತಿರಲಿಲ್ಲ. ಅರ್ಧ ಗಜ ಜಾಗ ಸಿಕ್ಕರೆ ಸಾಕು, ನಿಂತಲ್ಲಿಂದಲೇ ಹೊಡೆಯುತ್ತಿದ್ದ. 1999ರ ಮೇ 26, ಬಾರ್ಸಿಲೋನಾದಲ್ಲಿ ಯುರೋಪಿನ ಕ್ಲಬ್ ಫೈನಲ್. 90 ನಿಮಿಷ ಮುಗಿದಾಗ ಮ್ಯಾಂಚೆಸ್ಟರ್ ಯುನೈಟೆಡ್ 1-0 ಹಿಂದೆ. ಅವನು ಹೊಡೆದ ಎರಡು ಕಾರ್ನರ್‌ಗಳಿಂದ ಎರಡು ಗೋಲು ಹುಟ್ಟಿ, ಬಯರ್ನ್ ಮ್ಯೂನಿಕ್ ಕೈಗೆ ಬಂದಿದ್ದ ಕಪ್ಪು ಹೋಯಿತು. ನಮ್ಮನ್ನು ಕೇಳಿದರೆ ಚೆಂಡು ಬಾಗಿಸುವುದರಲ್ಲಿ ಅವನನ್ನು ಮೀರಿಸಿದವರನ್ನು ನಾವು ಕಂಡಿಲ್ಲ. ಗರಿಂಚನ ಪಕ್ಷದವರು ಜಗಳಕ್ಕೆ ಬರಬಹುದು, ಬರಲಿ.

ನಮ್ಮವರ ಕತೆಯೂ ಇದೆ. 1949ರಿಂದ ಕೆಲವು ವರ್ಷ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದ ಮುಂದಿನ ಸಾಲಿನ ಐವರನ್ನು ಜನ ಪಂಚಪಾಂಡವರು ಅಂತಲೇ ಕರೆಯುತ್ತಿದ್ದರು: ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೆ. ಇವರಲ್ಲಿ ಧನರಾಜ್, ಅಹ್ಮದ್ ಖಾನ್ ಬೆಂಗಳೂರಿನವರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಹೆಚ್ಚಿನವರು ಬರಿಗಾಲಲ್ಲಿ ಆಡಿದ ತಂಡದಲ್ಲಿ ಅಹ್ಮದ್ ಖಾನ್ ಇದ್ದರು. ಬರಿಗಾಲಲ್ಲಿ ಒದ್ದೆ ಚೆಂಡಿಗೆ ಒಮ್ಮೆ ಹೊಡೆದು ನೋಡಿ, ಆ ದೊಡ್ಡತನ ತಿಳಿಯುತ್ತದೆ. ಐವರ ಸಾಲಿನಲ್ಲಿ ಎರಡು ಅಂಚಿನಲ್ಲಿದ್ದವರು ಬಲಕ್ಕೆ ವೆಂಕಟೇಶ್, ಎಡಕ್ಕೆ ಸಾಲೆ. ಪಾಂಡವರಲ್ಲಿ ಅರ್ಜುನ ಏನು ಮಾಡಿದ, ಭೀಮ ಏನು ಮಾಡಿದ ಅಂದರೆ ನಮ್ಮೂರ ಮಕ್ಕಳೂ ಹೇಳುತ್ತಾರೆ. ನಕುಲ ಸಹದೇವರು ಏನು ಮಾಡಿದರು ಅಂತ ಕೇಳಿ ನೋಡಿ.

ಲೆಕ್ಕ ಇಡುವವರು ಇಲ್ಲವೇ ಇಲ್ಲ ಅಂತಲ್ಲ. 2010ರ ವಿಶ್ವಕಪ್‌ನಲ್ಲಿ ನಾಲ್ವರು ತಲಾ 5 ಗೋಲು ಹೊಡೆದಿದ್ದರು. ಚಿನ್ನದ ಬೂಟು ಸಿಕ್ಕಿದ್ದು ಜರ್ಮನಿಯ ಥಾಮಸ್ ಮುಲ್ಲರ್‌ಗೆ, ಯಾಕೆಂದರೆ ಬೇರೆಯವರ ಗೋಲಿಗೆ ಹೆಚ್ಚು ಸಲ ಚೆಂಡು ಕೊಟ್ಟವನು ಅವನು.

ಹಾಗಂತ ಕ್ರಾಸ್ ಹೊಡೆದರೆ ಸಾಕು ಅಂತಲೂ ಅಲ್ಲ. 2014ರ ಫೆಬ್ರುವರಿಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡ ಫುಲ್‌ಹ್ಯಾಮ್ ಮೇಲೆ ಒಂದೇ ಪಂದ್ಯದಲ್ಲಿ 80ಕ್ಕೂ ಹೆಚ್ಚು ಕ್ರಾಸ್ ಹೊಡೆದು ಕೊನೆಗೆ 2-2 ಸಮ ಮಾಡಿಕೊಂಡಿತು. ಹೆಚ್ಚಿನವು ಯಾರ ತಲೆಗೂ ಸಿಗದೆ ಹೋಗುತ್ತವೆ. ಇದು ಹತ್ತಕ್ಕೆ ಒಂಬತ್ತು ವ್ಯರ್ಥವಾಗುವ ಕೆಲಸ ಅಂತ ಗೊತ್ತಿದ್ದೇ ಮಾಡಬೇಕು.

ಟೀ ಅಂಗಡಿ ಮಾತುಕತೆ ಆದ ಮೇಲೆ ಆ ಹುಡುಗನನ್ನು ಹುಡುಕಿಕೊಂಡು ಹೋದೆವು. ಊರಾಚೆ ಬಯಲಿನಲ್ಲಿ ಎರಡು ಕಡ್ಡಿ ನೆಟ್ಟು, ನಡುವೆ ಸೈಕಲ್ ಟೈರು ಕಟ್ಟಿ, ಅಂಚಿನಿಂದ ಓಡಿ ಬಂದು ಟೈರಿಗೆ ಹೊಡೆಯುತ್ತಿದ್ದ. ದಿನಕ್ಕೆ ಮೂವತ್ತು. ಒಬ್ಬನೇ. ಹೊಡೆದದ್ದನ್ನೆಲ್ಲ ತಾನೇ ಹೋಗಿ ತರಬೇಕು.

ಕೂತು ಮಾತಾಡಿದಾಗ ಇನ್ನೊಂದು ವಿಷಯ ಹೊರಬಿತ್ತು. ಆ ಪಂದ್ಯದ ನಂತರ ಅವನು ಒಂದು ಆಯ್ಕೆಗೆ ಹೋಗಿದ್ದನಂತೆ. ಅಲ್ಲಿ ಕೇಳಿದ್ದು ಎರಡೇ: ಎಷ್ಟು ಗೋಲು ಹೊಡೆದಿದ್ದೀಯ, ಪೇಪರ್ ಕಟಿಂಗ್ ಏನಾದರೂ ಇದೆಯಾ. ನಮ್ಮ ಮೂರು ಸಾಲಿನ ಸುದ್ದಿಯನ್ನು ಕತ್ತರಿಸಿ ಒಯ್ದಿದ್ದನಂತೆ. ಅದರಲ್ಲಿ ಅವನ ಊರಿತ್ತು, ಶಾಲೆಯಿತ್ತು, ಗೆಳೆಯರ ಹೆಸರಿತ್ತು. ಕಟಿಂಗ್ ನೋಡಿ "ಇದರಲ್ಲಿ ನೀನು ಯಾರು?" ಅಂದರಂತೆ. ಇದನ್ನು ಹೇಳುವಾಗ ಹುಡುಗನಿಗೆ ನಮ್ಮ ಮೇಲೆ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಮಗೆ ಸುಲಭವಾಗುತ್ತಿತ್ತು.

ಜರ್ನಲಿಸಂ ಡಿಪ್ಲೊಮಾ ಓದುವಾಗ ಯಾರು, ಏನು, ಎಲ್ಲಿ, ಯಾವಾಗ ಅಂತ ಉರು ಹೊಡೆದವರು ನಾವು. 'ಯಾರು' ಅನ್ನುವುದಕ್ಕೆ ಒಬ್ಬರೇ ಇರುತ್ತಾರೆ ಅಂದುಕೊಂಡಿದ್ದೆವು. ನಾವು ಕಳಿಸಿದ ಸುದ್ದಿಯೂ ಎಷ್ಟೋ ಸಲ ಬೇರೆಯವರ ಹೆಸರಿನಲ್ಲಿ ಬಂದಿದೆ, ಬಂದಾಗ ನಾವೂ ಟೀ ಅಂಗಡಿಯಲ್ಲಿ ಗೊಣಗಿದ್ದೇವೆ. ಆದರೂ ಇದು ತೋಚಿರಲಿಲ್ಲ.

ಈಗ ಪಂದ್ಯಕ್ಕೆ ಹೋದರೆ ನೋಟ್‌ಬುಕ್ಕಿನಲ್ಲಿ ಎರಡು ಸಾಲು ಹಾಕಿಕೊಳ್ಳುತ್ತೇವೆ. ಹೊಡೆದವರು ಒಂದು ಕಡೆ, ಕೊಟ್ಟವರು ಒಂದು ಕಡೆ. ಎರಡನ್ನೂ ಕಳಿಸುತ್ತೇವೆ. ಜಾಗ ಸಾಲದೆ ಡೆಸ್ಕಿನವರು ಕತ್ತರಿಸುವುದು ಎರಡನೆಯದನ್ನೇ. ಮತ್ತೆ ಕಳಿಸುತ್ತೇವೆ.

ಹುಡುಗ ಈಗ ಚಾಮರಾಜನಗರದಲ್ಲಿ ಪಿಯುಸಿ. ಬೆಳಗ್ಗೆ ಬಸ್ಸು, ಸಂಜೆ ಬಯಲು. ಈ ಬರಹದಲ್ಲಿ ಹೆಸರು ಹಾಕುತ್ತೇವೆ ಕಣಪ್ಪ ಅಂದರೆ ತಲೆ ಅಲ್ಲಾಡಿಸಿದ.

"ಬ್ಲಾಗ್ನಲ್ಲಿ ಬ್ಯಾಡ ಅಣ್ಣ. ಪೇಪರ್ನಲ್ಲಿ ಬರ್ಲಿ, ನಮ್ಮಪ್ಪ ನೋಡ್ಬೇಕು. ಅಪ್ಪನತ್ರ ಇರೋದು ಬಟನ್ ಫೋನು."

ಆಮೇಲೆ ಟೈರು ಬಿಚ್ಚಿಟ್ಟ. "ಬನ್ನಿ ಅಣ್ಣ, ಹೆಡ್ ಮಾಡಕ್ಕೆ ಒಬ್ರು ಬೇಕು" ಅಂದ. ನಾವು ಚಪ್ಪಲಿ ಬಿಟ್ಟು, ಕನ್ನಡಕ ಜೇಬಿಗೆ ಹಾಕಿ, ಕಡ್ಡಿಗಳ ಮುಂದೆ ನಿಂತೆವು. ಮೊದಲ ಐದು ತಲೆ ಮೇಲೆ ಹಾಗೇ ಹೋದವು. ಆರನೆಯದು ಹಣೆಗೆ ತಗುಲಿ ಕಡ್ಡಿಯಿಂದ ಒಂದು ಮಾರು ಆಚೆ ಬಿತ್ತು.

"ಒಂದ್ ಹೆಜ್ಜೆ ಬೇಗ ಬಂದ್ಬುಟ್ರಿ ಅಣ್ಣ" ಅಂತ ಕೂಗಿ, ಚೆಂಡು ತರೋಕೆ ಓಡಿದ.