ತಪ್ಪಿದರೆ ಹೇಳುವ ಮೋಟರ್

2005ರ ಸುಮಾರಿಗೆ ಬೆಂಗಳೂರಿನಲ್ಲಿ ಮನೆಯ ಷೆಡ್ಡಿನಲ್ಲೇ ಸಿಎನ್‌ಸಿ ರೌಟರ್ ಕಟ್ಟಲು ಹೊರಟವರು ಮೋಟರನ್ನು ಆರಿಸುತ್ತಿರಲಿಲ್ಲ, ಹುಡುಕುತ್ತಿದ್ದರು. ಎಸ್.ಪಿ. ರೋಡಿನ ಗಲ್ಲಿಗಳಲ್ಲಿ ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರುಗಳಿಂದ, ಜೆರಾಕ್ಸ್ ಮಿಷನ್ನುಗಳಿಂದ ಬಿಚ್ಚಿದ ಸ್ಟೆಪರ್ ಮೋಟರುಗಳು ರಾಶಿ ಬಿದ್ದಿರುತ್ತಿದ್ದವು. ಲೇಬಲ್ ಉಳಿದಿದ್ದರೆ ನಮ್ಮ ಅದೃಷ್ಟ. ಇಲ್ಲದಿದ್ದರೆ ಯಾವ ವೈರು ಯಾವ ಕಾಯಿಲಿನದು ಎಂದು ನಾವೇ ಪತ್ತೆ ಹಚ್ಚಬೇಕು. ಎರಡು ವೈರುಗಳ ತುದಿ ಕೂಡಿಸಿ ಷಾಫ್ಟ್ ತಿರುಗಿಸಿದಾಗ ಬಿಗಿ ಹಿಡಿದರೆ ಅವೆರಡೂ ಒಂದೇ ಕಾಯಿಲಿನವು. ಈ ಉಪಾಯವನ್ನು ಅಂಗಡಿ ಹುಡುಗರೇ ಹೇಳಿಕೊಡುತ್ತಿದ್ದರು. ಡ್ರೈವರ್ ಅಂದರೆ ಎಲ್297, ಎಲ್298 ಎಂಬ ಎರಡು ಐಸಿಗಳನ್ನು ಕೂರಿಸಿ ನಾವೇ ಸೋಲ್ಡರ್ ಮಾಡಿಕೊಂಡ ಬೋರ್ಡು.

ಸರ್ವೋ ಬೇಕೆಂದವರು ಪೀಣ್ಯದ ಕಡೆ ಹೋಗಬೇಕಿತ್ತು. ಹಳೆಯ ಮಿಷನ್ನುಗಳಿಂದ ತೆಗೆದ ಡಿಸಿ ಸರ್ವೋಗಳು ಅಲ್ಲಿನ ಗುಜರಿ ಅಂಗಡಿಗಳಿಗೆ ಬರುತ್ತಿದ್ದವು. ಕೆಲವಕ್ಕೆ ಕಾರ್ಬನ್ ಬ್ರಷ್ ಸವೆದಿರುತ್ತಿತ್ತು, ಕೆಲವಕ್ಕೆ ಷಾಫ್ಟ್ ಎಷ್ಟು ತಿರುಗಿತೆಂದು ಎಣಿಸುವ ಎನ್‌ಕೋಡರೇ ಇರುತ್ತಿರಲಿಲ್ಲ. ಅಲ್ಲಿ ನನಗೆ ಪರಿಚಯವಿದ್ದ ಮೇಂಟೆನೆನ್ಸ್ ಮೇಸ್ತ್ರಿಯೊಬ್ಬರಿಗೆ ಸ್ಟೆಪರ್ ಎಂದರೆ ತಾತ್ಸಾರ. “ಅದು ಆಟದ ಸಾಮಾನು ಕಣಯ್ಯ. ಮಿಷನ್ನು ಅಂದ್ಮೇಲೆ ತಾನೆಲ್ಲಿದೀನಿ ಅಂತ ಅದಕ್ಕೆ ಗೊತ್ತಿರ್ಬೇಕು” ಎನ್ನುತ್ತಿದ್ದರು. ಆ ಮಾತಿನ ಹಿಂದೆ ಅವರ ಕಸುಬಿನ ಚರಿತ್ರೆಯೇ ಇತ್ತು. ಜಪಾನಿನ ಫ್ಯಾನಕ್ ಕೂಡ ಮೊದಲು ಸ್ಟೆಪರಿಗೆ ಹೈಡ್ರಾಲಿಕ್ ಬಲ ಸೇರಿಸಿದ ಪಲ್ಸ್ ಮೋಟರನ್ನೇ ನಂಬಿಕೊಂಡಿತ್ತು. ತೈಲ ಬಿಕ್ಕಟ್ಟಿನ ಮರುವರ್ಷ, 1974ರಲ್ಲಿ, ಅದನ್ನು ಕೈಬಿಟ್ಟು ಅಮೆರಿಕದ ಗೆಟ್ಟಿಸ್ ಕಂಪನಿಯಿಂದ ಲೈಸೆನ್ಸ್ ಪಡೆದು ಡಿಸಿ ಸರ್ವೋಗೆ ಬಂತು. ಮೇಸ್ತ್ರಿಯವರು ಕೆಲಸ ಕಲಿಯುವ ಹೊತ್ತಿಗೆ ದೊಡ್ಡ ಮಿಷನ್ನುಗಳಲ್ಲಿ ಸರ್ವೋ ಬಿಟ್ಟು ಬೇರೆ ಮಾತೇ ಇರಲಿಲ್ಲ.

ಆದರೂ ನನ್ನ ಮೊದಲ ರೌಟರಿಗೆ ಸ್ಟೆಪರನ್ನೇ ಹಾಕಿದೆ. ಆ ಕಾಲಕ್ಕೆ ಅದೇ ಸರಿ ಎಂದು ಈಗಲೂ ಹೇಳುತ್ತೇನೆ. ದುಡ್ಡಿಗಿಂತ ದೊಡ್ಡ ಕಾರಣ ಕಂಪ್ಯೂಟರಿನ ಪ್ರಿಂಟರ್ ಪೋರ್ಟು. ನಮ್ಮಂಥವರಿಗೆ ಇದ್ದದ್ದು ವಿಂಡೋಸ್ ಎಕ್ಸ್‌ಪಿ, ಮ್ಯಾಕ್3 ಸಾಫ್ಟ್‌ವೇರ್ ಮತ್ತು ಆ ಪೋರ್ಟು. ಸಾಮಾನ್ಯ ಸೆಟ್ಟಿಂಗಿನಲ್ಲಿ ಅದರಿಂದ ಸೆಕೆಂಡಿಗೆ 25,000 ಪಲ್ಸ್ ಮಾತ್ರ ಹೊರಡುತ್ತಿತ್ತು. ಸ್ಟೆಪರಿಗೆ ಒಂದು ಸುತ್ತಿಗೆ 200 ಸ್ಟೆಪ್. ಮೈಕ್ರೋಸ್ಟೆಪ್ಪನ್ನು ಹತ್ತಕ್ಕೆ ಇಟ್ಟರೆ 2000 ಪಲ್ಸ್. ಅಲ್ಲಿಗೆ ನಿಮಿಷಕ್ಕೆ 750 ಸುತ್ತು, 5 ಮಿ.ಮೀ. ಲೀಡಿನ ಬಾಲ್ ಸ್ಕ್ರೂ ಇದ್ದರೆ ನಿಮಿಷಕ್ಕೆ 3750 ಮಿ.ಮೀ. ಮರ ಕೊರೆಯಲು ಧಾರಾಳ ಸಾಕು. ಸರ್ವೋದ ಬೆನ್ನಿಗೆ 1000 ಗೆರೆಯ ಎನ್‌ಕೋಡರ್ ಇದ್ದರೆ ಒಂದು ಸುತ್ತಿಗೆ 4000 ಪಲ್ಸ್ ಬೇಕು. ಅದೇ ಪೋರ್ಟಿನಿಂದ 375 ಸುತ್ತಿಗೆ ಆಟ ಮುಗಿಯಿತು. 3000 ಸುತ್ತಿನ ಮೋಟರ್ ತಂದು ಅದರ ಎಂಟನೇ ಒಂದು ಪಾಲಿನಲ್ಲಿ ಓಡಿಸುವುದಕ್ಕೆ ಅಷ್ಟೆಲ್ಲ ಪಾಡು ಯಾಕೆ ಪಡಬೇಕು?

ಸ್ಟೆಪರಿನ ದೋಷ ಕಣ್ಣಿಗೆ ಕಂಡದ್ದು ಒಂದು ದೇವರಮನೆ ಬಾಗಿಲಿನಲ್ಲಿ. ತೇಗದ ಹಲಗೆ, ನಡುವೆ ಶಂಖ, ಚಕ್ರ, ಸುತ್ತ ಬಳ್ಳಿ. ಇಂಥ ಉಬ್ಬು ಕೆತ್ತನೆಯಲ್ಲಿ ದುಂಡು ಮೂತಿಯ ಬಿಟ್ಟು ಕೂದಲೆಳೆಯಷ್ಟು ಸರಿಯುತ್ತ ಹಲಗೆಯ ಈ ತುದಿಯಿಂದ ಆ ತುದಿಗೆ ಹೋಗಿ ಬರುತ್ತಲೇ ಇರುತ್ತದೆ, ಗಂಟೆಗಟ್ಟಲೆ ಕೆಲಸ. ಮಧ್ಯಾಹ್ನದ ಹೊತ್ತಿಗೆ ಬಿಟ್ಟು ಮರದ ಗಂಟಿಗೆ ಸಿಕ್ಕಿಕೊಂಡಿತು. ವೈ ಆಕ್ಸಿಸ್ ಕಡೆಯಿಂದ ಗುರ್ ಎಂದು ಒಂದು ಸದ್ದು, ಮರುಕ್ಷಣ ಎಲ್ಲ ಮೊದಲಿನಂತೆ. ಸ್ಕ್ರೀನಿನ ಮೇಲೆ ಅಂಕಿಗಳು ಒಂದಿಷ್ಟೂ ಅಳುಕದೆ ಓಡುತ್ತಿದ್ದವು. ಪಕ್ಕದಲ್ಲಿ ನಿಂತಿದ್ದ ಬಡಗಿಯೇ ಮೊದಲು ಕಂಡದ್ದು: “ಸಾರ್, ಬಳ್ಳಿ ಕಾಲಿಂಚು ಆಚೆಗೆ ಹೋಗ್ತಾ ಐತೆ.” ಮಿಷನ್ ನಿಲ್ಲಿಸುವಷ್ಟರಲ್ಲಿ ಚಕ್ರದ ಅಂಚು ಹೋಗಿತ್ತು.

ಸ್ಟೆಪರಿನ ರೋಟರಿಗೆ 50 ಹಲ್ಲು. ಹಿಡಿತ ತಪ್ಪಿದರೆ ಅದು ಜಾರುವುದು ಒಂದೊಂದು ಹಲ್ಲಿನಷ್ಟು, ಅಂದರೆ ನಾಲ್ಕು ನಾಲ್ಕು ಸ್ಟೆಪ್ಪಾಗಿ. ನನ್ನ ಸ್ಕ್ರೂ ಲೆಕ್ಕದಲ್ಲಿ ಒಂದು ಸಲಕ್ಕೆ 0.1 ಮಿ.ಮೀ. ವೇಗದಲ್ಲಿ ಓಡುವಾಗ ಪೂರಾ ನಿಂತೇಬಿಟ್ಟರೆ ಮಿಲಿಮೀಟರುಗಟ್ಟಲೆ ಹೋಗುತ್ತದೆ. ಇಷ್ಟು ಪಲ್ಸ್ ಕಳಿಸಿದೆ ಎಂಬುದಷ್ಟೇ ಕಂಪ್ಯೂಟರಿಗೆ ಗೊತ್ತು, ಮೋಟರ್ ಹೋಯಿತೋ ಇಲ್ಲವೋ ಎಂದು ಕೇಳುವ ದಾರಿಯೇ ಅದಕ್ಕಿಲ್ಲ. ಮೇಸ್ತ್ರಿಯವರ ಮಾತಿನ ತೂಕ ಆ ಹಲಗೆಯ ಮುಂದೆ ತಿಳಿಯಿತು.

ಮುಂದೆ ಅಮೆರಿಕದಿಂದ ಬಂದ ಸ್ನೇಹಿತರೊಬ್ಬರು ಗೆಕೊಡ್ರೈವ್ ಜಿ320 ಎಂಬ ಸರ್ವೋ ಡ್ರೈವರ್ ತಂದುಕೊಟ್ಟ ಮೇಲೆ ವೈ ಆಕ್ಸಿಸ್‌ಗೆ ಪೀಣ್ಯದ ಡಿಸಿ ಸರ್ವೋ ಕೂರಿಸಿದೆ. ಅದರ ಟ್ಯೂನಿಂಗ್ ಒಂದು ವಿದ್ಯೆಯೇ ಸರಿ. ಸಣ್ಣ ಸ್ಕ್ರೂಡ್ರೈವರಿನಲ್ಲಿ ಗೇನ್ ತಿರುಗಿಸಬೇಕು. ಕಡಿಮೆಯಾದರೆ ಷಾಫ್ಟ್ ಮೆತ್ತಗೆ, ಕೈಯಲ್ಲಿ ಹಿಡಿದು ತಿರುವಿದರೆ ರಬ್ಬರಿನ ಹಾಗೆ ಬಿಟ್ಟುಕೊಡುತ್ತದೆ. ಹೆಚ್ಚಾದರೆ ಮೋಟರ್ ಸಿಳ್ಳೆ ಹೊಡೆಯಲು ಶುರು, ಬೆಂಚಿನ ಮೇಲಿನ ಸ್ಪ್ಯಾನರುಗಳೆಲ್ಲ ಅದುರುತ್ತವೆ. ಆಗ ಡ್ಯಾಂಪಿಂಗ್ ಏರಿಸಿ ಅದನ್ನು ಅಡಗಿಸಬೇಕು, ಮತ್ತೆ ಗೇನ್ ಏರಿಸಬೇಕು. ಬೆಂಚಿನ ಮೇಲೆ ಹೊಂದಿಸಿದ್ದು ಗ್ಯಾಂಟ್ರಿಗೆ ಜೋಡಿಸಿದ ಮೇಲೆ ಕೆಲಸಕ್ಕೆ ಬಾರದು, ಮೊದಲಿಂದ ಶುರು. ಇಷ್ಟೆಲ್ಲ ಮಾಡಿದ್ದಕ್ಕೆ ಸಿಕ್ಕಿದ್ದೇನೆಂದರೆ, ಮೋಟರ್ ತಾನಿರಬೇಕಾದ ಜಾಗದಿಂದ 128 ಎಣಿಕೆ ಹಿಂದೆ ಬಿದ್ದರೆ ಡ್ರೈವರ್ ಫಾಲ್ಟ್ ತೋರಿಸಿ ನಿಲ್ಲುತ್ತದೆ. ಸುತ್ತಿಗೆ 4000 ಎಣಿಕೆ, 5 ಮಿ.ಮೀ. ಲೀಡು: ತಪ್ಪು 0.16 ಮಿ.ಮೀ. ಮುಟ್ಟಿದೊಡನೆ ನಮಗೆ ಗೊತ್ತಾಗುತ್ತದೆ. ವೇಗ ಕಡಿಮೆಯೇ, ನಿಮಿಷಕ್ಕೆ 1875 ಮಿ.ಮೀ. ಕೆತ್ತನೆಗೆ ಅದರಿಂದ ಅಡ್ಡಿಯಾಗಲಿಲ್ಲ, ಹಲಗೆಗಳು ಉಳಿದವು.

ಈಗ ಕಥೆ ಬೇರೆ. ಪ್ಯಾರಲಲ್ ಪೋರ್ಟು ಕಂಪ್ಯೂಟರುಗಳಿಂದ ಮಾಯವಾಗಿದೆ. ನಾರ್ವೆಯ ಸಿಮೆನ್ ಸ್ವಾಲೆ ಸ್ಕೋಗ್ಸ್‌ರುಡ್ 2009ರಲ್ಲಿ ಆರ್ಡುಯಿನೋಗೆ ಬರೆದ ಗರ್ಬಲ್ ಸಾಫ್ಟ್‌ವೇರ್ ಬಂದಮೇಲೆ ಅಂಗೈಯಗಲದ ಬೋರ್ಡೇ ಮೂರು ಆಕ್ಸಿಸ್ ನಡೆಸುತ್ತದೆ. ನೀಮಾ 23 ಸ್ಟೆಪರ್ ಹೊಸ ಡಬ್ಬಿಯಲ್ಲಿ, ಡೇಟಾಶೀಟ್ ಸಮೇತ ಮನೆಗೇ ಬರುತ್ತದೆ. ಎಸಿ ಸರ್ವೋಗಳ 17 ಬಿಟ್ ಎನ್‌ಕೋಡರ್ ಒಂದು ಸುತ್ತನ್ನು 1,31,072 ಪಾಲು ಮಾಡುತ್ತದೆ, ಆದರೂ ಪಲ್ಸಿನ ತಲೆನೋವಿಲ್ಲ. ಡ್ರೈವಿನೊಳಗಿನ ಎಲೆಕ್ಟ್ರಾನಿಕ್ ಗೇರ್ ಒಂದು ಪಲ್ಸಿಗೆ ಎಷ್ಟು ಎಣಿಕೆ ಎಂದು ನಾವು ಹೇಳಿದಂತೆ ಕೇಳುತ್ತದೆ. ಟ್ಯೂನಿಂಗನ್ನೂ ಬಹುಮಟ್ಟಿಗೆ ಅದೇ ಮಾಡಿಕೊಳ್ಳುತ್ತದೆ. ಇವೆರಡರ ನಡುವೆ, ಬೆನ್ನಿಗೆ ಎನ್‌ಕೋಡರ್ ಕಟ್ಟಿಕೊಂಡ ಕ್ಲೋಸ್ಡ್ ಲೂಪ್ ಸ್ಟೆಪರ್ ಬಂದಿದೆ.

ಹಾಗಾಗಿ ಆರಿಸುವ ಪ್ರಶ್ನೆ ನಿಜವಾಗಿ ಹುಟ್ಟಿದ್ದೇ ಈಗ. ಆದರೆ ಹುಡುಗರು ಅದನ್ನು ತಪ್ಪು ಅಂಕಿ ನೋಡಿ ಬಿಡಿಸುತ್ತಿದ್ದಾರೆ ಎಂಬುದು ನನ್ನ ಕೊರಗು. ಅಂಗಡಿಯಲ್ಲಿ ಸ್ಟೆಪರನ್ನು ಕೆಜಿ-ಸೆಂ.ಮೀ. ಲೆಕ್ಕದಲ್ಲಿ ಮಾರುತ್ತಾರೆ: 10, 18.9, 30. ಅದು ನಿಂತ ಮೋಟರಿನ ಹಿಡಿತ. ವೇಗ ಏರಿದಂತೆ ಕಾಯಿಲಿನ ಇಂಡಕ್ಟೆನ್ಸ್ ಕರೆಂಟನ್ನು ತಡೆಯುತ್ತದೆ, ಟಾರ್ಕ್ ಕುಸಿಯುತ್ತದೆ. 400 ವ್ಯಾಟಿನ ಎಸಿ ಸರ್ವೋದ ಅಂಕಿ ಬರೀ 1.27 ನ್ಯೂಟನ್ ಮೀಟರ್, ಹೆಚ್ಚೂಕಡಿಮೆ 13 ಕೆಜಿ-ಸೆಂ.ಮೀ. ಕಾಗದದ ಮೇಲೆ 18.9ಕ್ಕಿಂತ ಕಡಿಮೆ. ಆದರೆ ಅದು 3000 ಸುತ್ತಿನವರೆಗೂ ಅಷ್ಟನ್ನೂ ಕೊಡುತ್ತದೆ, ಗಳಿಗೆಯ ಮಟ್ಟಿಗೆ ಅದರ ಮೂರು ಪಟ್ಟನ್ನೂ ಕೊಡುತ್ತದೆ. ಇನ್ನೊಂದು ಕಡೆ, ‘ಸ್ಟೆಪರಿಗೆ ದಮ್ಮಿಲ್ಲ, ಸರ್ವೋ ಹಾಕಲಾ ಅಂಕಲ್’ ಎಂದು ಬರುವವರ ಮಿಷನ್ ಬಿಚ್ಚಿ ನೋಡಿದರೆ ಒಳಗೆ ಹೆಚ್ಚಾಗಿ 24 ವೋಲ್ಟಿನ ಪವರ್ ಸಪ್ಲೈ. 50 ವೋಲ್ಟ್ ತಡೆಯುವ ಡ್ರೈವರಿಗೆ 24 ಕೊಟ್ಟರೆ ಮೋಟರ್ ಎಲ್ಲಿಂದ ಓಡಬೇಕು? 36ಕ್ಕೆ ಏರಿಸಿದರೆ ಅದೇ ಸ್ಟೆಪರಿನ ವೇಗ ಕಣ್ಣಿಗೆ ಕಾಣುವಷ್ಟು ಹೆಚ್ಚುತ್ತದೆ. 30 ಕೆಜಿಯ ದಪ್ಪ ಮೋಟರ್ ತಂದವರಿಗೆ ಎಷ್ಟೋ ಸಲ ಇನ್ನೂ ನಿಧಾನದ ಮಿಷನ್ ಸಿಗುತ್ತದೆ, ಯಾಕೆಂದರೆ ಅದರ ಇಂಡಕ್ಟೆನ್ಸೂ ದಪ್ಪ.

ಸರ್ವೋದ ವೇಗ ಬಳಸಿಕೊಳ್ಳಲು ಉಳಿದ ಮೈಯೂ ಒಗ್ಗಬೇಕು. ಮೀಟರಿಗೂ ಉದ್ದನೆಯ 16 ಮಿ.ಮೀ. ಸ್ಕ್ರೂ 3000 ಸುತ್ತಿಗೆ ಎಷ್ಟೋ ಮೊದಲೇ ಬಾಗಿ ಬೀಸಾಡತೊಡಗುತ್ತದೆ. ಮೇಸ್ತ್ರಿಯವರ ಮಾತಿಗೂ ನಾನೊಂದು ಮಾತು ಸೇರಿಸುತ್ತೇನೆ: ಎನ್‌ಕೋಡರಿಗೆ ಗೊತ್ತಿರುವುದು ಮೋಟರಿನ ಷಾಫ್ಟ್ ಮಾತ್ರ. ಕಪ್ಲಿಂಗ್ ಜಾರಿದರೆ, ನಟ್ಟಿನಲ್ಲಿ ಆಟ ಇದ್ದರೆ, ಗ್ಯಾಂಟ್ರಿ ಬಳುಕಿದರೆ ಅದಕ್ಕೆ ಕಾಣುವುದಿಲ್ಲ. ಸರ್ವೋಗೆಂದು ಎತ್ತಿಟ್ಟ ದುಡ್ಡನ್ನು ಮೊದಲು ಫ್ರೇಮಿಗೆ, ರೈಲಿಗೆ, ಸ್ಕ್ರೂಗೆ ಹಾಕಿ ಎಂದು ನಾನು ಹೇಳುವುದು ಅದಕ್ಕೇ.

ಎರಡಡಿ ಮೂರಡಿಯ ಮೊದಲ ಮಿಷನ್ನಿಗೆ ಒಳ್ಳೆಯ ಡ್ರೈವರಿನ ಸಾದಾ ಸ್ಟೆಪರ್ ಸಾಕು. ಬಾಗಿಲು ಕೆತ್ತನೆಯಂಥ ಗಂಟೆಗಟ್ಟಲೆಯ ಕೆಲಸ ಇದ್ದರೆ ಕ್ಲೋಸ್ಡ್ ಲೂಪಿಗೆ ಕೊಡುವ ಹೆಚ್ಚಿನ ದುಡ್ಡು ಒಂದು ತೇಗದ ಹಲಗೆ ಉಳಿದರೆ ಬಂದುಬಿಡುತ್ತದೆ. ಎಂಟಡಿ ನಾಲ್ಕಡಿಯ ಶೀಟು ಹಾಕಿ ದಿನವಿಡೀ ಎಂಡಿಎಫ್ ಜಾಲಿ ಕತ್ತರಿಸಿ ಸಂಪಾದಿಸುವವರು ಎಸಿ ಸರ್ವೋಗೇ ಹೋಗಲಿ. ಆದರೆ ಕ್ಲೋಸ್ಡ್ ಲೂಪನ್ನೋ ಸರ್ವೋವನ್ನೋ ಹಾಕಿದ ಎಷ್ಟೋ ಮಿಷನ್ನುಗಳಲ್ಲಿ ಡ್ರೈವಿನ ಅಲಾರಂ ವೈರನ್ನು ಸುಮ್ಮನೆ ಬಿಟ್ಟಿರುವುದನ್ನು ನೋಡಿದ್ದೇನೆ. ಫಾಲ್ಟ್ ಬಂದಾಗ ಆ ಒಂದು ಆಕ್ಸಿಸ್ ನಿಂತು ಉಳಿದೆರಡು ಓಡುತ್ತಲೇ ಇರುತ್ತವೆ. ಹಲಗೆ ಹಳೆಯ ಕಾಲದಂತೆಯೇ ಹಾಳಾಗುತ್ತದೆ. ಇವೆರಡರಲ್ಲಿ ಯಾವುದನ್ನೇ ತನ್ನಿ, ಆ ವೈರನ್ನು ಕಂಟ್ರೋಲರಿಗೆ ಸೇರಿಸಿ, ಅದು ನಿಜವಾಗಿ ಮಿಷನ್ ನಿಲ್ಲಿಸುತ್ತದೆಯೇ ಎಂದು ಒಮ್ಮೆ ನೋಡಿಕೊಂಡ ಮೇಲೆಯೇ ಮರ ಕಟ್ಟಿ.